ಊರಿದ ಕಡ್ಡಿಗೆ ಬೇರು

ಸಸ್ಯಶಾಸ್ತ್ರಜ್ಞರು ಗಿಡಗಳನ್ನು ಹೇಗೇ ವಿಂಗಡಿಸಿಕೊಳ್ಳಲಿ, ತೋಟ ಮಾಡುವವನ ಕಣ್ಣಿಗೆ ಅವು ಎರಡೇ ಬಗೆ: ಕಡ್ಡಿ ಊರಿದರೆ ಬರುವಂಥವು, ಊರಿದರೂ ಬಾರದಂಥವು. ದಾವಣಗೆರೆ–ಹರಿಹರದ ಸುತ್ತಿನ ತೋಟಗದ್ದೆಗಳಲ್ಲಿ ಮೊದಲನೆಯ ಬಗೆಗೆ ಕೊರತೆಯಿಲ್ಲ. ಕಬ್ಬನ್ನು ಗಣ್ಣುಗಣ್ಣಾಗಿ ಕಡಿದು ಸಾಲಿಗೆ ಹಾಕುತ್ತೇವೆ. ಎಲೆತೋಟದ ಬಳ್ಳಿಯನ್ನು ತುಂಡರಿಸಿ ನೆಡುತ್ತೇವೆ. ವೀಳ್ಯದೆಲೆಯ ಬೀಜವನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಬಳ್ಳಿ ಹಬ್ಬಿಸಲು ಬೇಕಾದ ನುಗ್ಗೆ, ಹಾಲುವಾಣ, ಬೇಲಿಗೆ ಬೇಕಾದ ಲಕ್ಕಿ, ಇವೆಲ್ಲ ಕೊಂಬೆ ಮುರಿದು ನೆಟ್ಟರೆ ಚಿಗುರುವ ಉದಾರ ಜೀವಗಳು. ಮಾವು ಹಾಗಲ್ಲ. ಮಾವಿನ ಕಡ್ಡಿಯನ್ನು ಊರಿ ನೀರೆರೆದು ಕಾದವನಿಗೆ ಸಿಕ್ಕುವುದು ಒಣಗಿದ ಸೌದೆ. ನೀಲಗಿರಿಯೂ ಇದೇ ಹಟಮಾರಿ ಬಳಗಕ್ಕೆ ಸೇರಿದ್ದು. ಆ ಹಟವನ್ನು ಮುರಿದದ್ದು ಒಂದು ಬಿಳಿಯ ಪುಡಿ. ಪುಡಿಯನ್ನು ಕಂಡುಹಿಡಿದದ್ದು ಹರಿಹರದಿಂದ ಬಹು ದೂರದಲ್ಲಿ. ಆದರೆ ಅದಕ್ಕೆ ನಮ್ಮ ಕಡೆ ಬೆಲೆ ಬಂದ ಬಗೆ ತುಂಗಭದ್ರೆಯ ದಡದ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಅದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಕಡ್ಡಿಗೆ ಮದ್ದು ಹಚ್ಚಿ ನೆಡುವುದು ನಮಗೆ ಹೊಸದೇನೂ ಅಲ್ಲ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯ ವೃಕ್ಷಾಯುರ್ವೇದದ ಅಧ್ಯಾಯದಲ್ಲಿ ಕೊಂಬೆಯಿಂದ ನೆಡಬಹುದಾದ ಗಿಡಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಹಲಸು, ಅಶೋಕ, ಬಾಳೆ, ನೇರಳೆ, ದಾಳಿಂಬೆ, ದ್ರಾಕ್ಷಿ, ಮಾದಳ ಮೊದಲಾದವುಗಳ ತುಂಡಿಗೆ ಸಗಣಿ ಬಳಿದು ನೆಡಬೇಕೆಂದು ಅವನ ವಿಧಿ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ನಮ್ಮ ಕನ್ನಡದಲ್ಲೇ ‘ಲೋಕೋಪಕಾರ’ವನ್ನು ಬರೆದ ಚಾವುಂಡರಾಯನೂ ವೃಕ್ಷಾಯುರ್ವೇದಕ್ಕೆ ತನ್ನ ಗ್ರಂಥದಲ್ಲಿ ಸ್ಥಳ ಕೊಟ್ಟಿದ್ದಾನೆ. ವರಾಹಮಿಹಿರನ ಪಟ್ಟಿಯಲ್ಲಿ ದಾಳಿಂಬೆಯೂ ದ್ರಾಕ್ಷಿಯೂ ಇರುವುದು ಸರಿಯೇ ಸರಿ. ಅವು ಕಡ್ಡಿಯಿಂದ ಸುಲಭವಾಗಿ ಬರುತ್ತವೆ. ಆದರೆ ಹಲಸಿನ ಕೊಂಬೆಗೆ ಸಗಣಿ ಮೆತ್ತಿ ಮರ ಮಾಡಿದವರನ್ನು ನಾನಂತೂ ಕಂಡಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸರು ಗುಲಾಬಿ ಕಡ್ಡಿಯ ಮೇಲ್ತುದಿಗೆ ಸಗಣಿಯ ಮುದ್ದೆ ಕೂರಿಸುವುದನ್ನು ವಾಚಕರು ನೋಡಿಯೇ ಇರುತ್ತೀರಿ. ಅದು ಕಡಿದ ಬಾಯಿಯಿಂದ ನೀರು ಆರಿ ಹೋಗದಂತೆ ಹಾಕಿದ ಬಿರಡೆ. ಬೇರಿಗೂ ಅದಕ್ಕೂ ನೇರ ಸಂಬಂಧ ಕಡಿಮೆ. ಕೆಳತುದಿಗೆ ಬಳಿದ ಸಗಣಿಯ ಮಾತು ಬೇರೆ. ಸಗಣಿಯಲ್ಲಿ ವಾಸಿಸುವ ಅನೇಕ ಸೂಕ್ಷ್ಮಜೀವಿಗಳು, ಮುಂದೆ ಹೇಳಲಿರುವ ಬೇರು ಬರಿಸುವ ದ್ರವ್ಯವನ್ನೇ ಅಷ್ಟಿಷ್ಟು ತಯಾರಿಸುತ್ತವೆ ಎಂಬುದು ಈಗ ತಿಳಿದಿದೆ. ಹಾಗೆಂದು ನಮ್ಮ ಹಿರಿಯರಿಗೆ ರಸಾಯನಶಾಸ್ತ್ರವೆಲ್ಲ ಗೊತ್ತಿತ್ತೆಂದು ಮೀಸೆ ತಿರುವುವುದು ಬೇಡ. ಅವರು ಮಾಡಿ ನೋಡಿದರು, ಬಂದದ್ದನ್ನು ಬರೆದಿಟ್ಟರು. ಅದೇ ದೊಡ್ಡದು.

ಏಕೆ ಬೇರು ಬರುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಕುಳಿತವರು ಹತ್ತೊಂಬತ್ತನೆಯ ಶತಮಾನದ ಕೊನೆಯ ಯೂರೋಪಿನವರು. ೧೮೮೦ರಲ್ಲಿ ಚಾರಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸನ ಜೊತೆ ಹುಲ್ಲಿನ ಮೊಳಕೆಗಳ ಮೇಲೆ ಪ್ರಯೋಗ ಮಾಡಿ, ಮೊಳಕೆಯ ತುದಿ ಬೆಳಕನ್ನು ಕಂಡರೆ ಅದರ ಸುದ್ದಿ ಕೆಳಗಿನ ಭಾಗಕ್ಕೆ ಹೇಗೋ ಇಳಿದು ಅಲ್ಲಿ ಬಾಗುವಿಕೆ ಉಂಟಾಗುತ್ತದೆಂದು ತೋರಿಸಿದ. ಸರಿಸುಮಾರು ಅದೇ ಕಾಲಕ್ಕೆ ಜರ್ಮನಿಯ ಜೂಲಿಯಸ್ ಸಾಕ್ಸ್, ಎಲೆಗಳಲ್ಲಿ ಬೇರು ಹುಟ್ಟಿಸುವ ಒಂದು ವಿಶೇಷ ದ್ರವ್ಯ ತಯಾರಾಗಿ ಕಾಂಡದಲ್ಲಿ ಕೆಳಗೆ ಹರಿಯುತ್ತದೆಂದು ಊಹಿಸಿದ. ಊಹೆ ಸೊಗಸಾಗಿತ್ತು, ದ್ರವ್ಯವನ್ನು ಮಾತ್ರ ಯಾರೂ ಕಂಡಿರಲಿಲ್ಲ. ೧೯೨೫ರಲ್ಲಿ ವಾನ್ ಡರ್ ಲೆಕ್ ಎಂಬ ಡಚ್ಚ ವಿಜ್ಞಾನಿ, ಮೊಗ್ಗುಳ್ಳ ಕಡ್ಡಿ ಚೆನ್ನಾಗಿ ಬೇರುಬಿಡುತ್ತದೆ, ಮೊಗ್ಗು ಚಿವುಟಿದರೆ ಬಿಡಲು ಹಿಂಜರಿಯುತ್ತದೆ ಎಂಬುದನ್ನು ಗುರುತಿಸಿದ. ಅದರ ಮರುವರ್ಷ, ೧೯೨೬ರ ಏಪ್ರಿಲಿನ ಒಂದು ರಾತ್ರಿ, ಯೂಟ್ರೆಕ್ಟ್ ನಗರದಲ್ಲಿ ಫ್ರಿಟ್ಸ್ ವೆಂಟ್ ಎಂಬ ಯುವಕ ಓಟ್ಸ್ ಮೊಳಕೆಯ ತುದಿಗಳನ್ನು ಕತ್ತರಿಸಿ ಅಗರ್ ಎಂಬ ಅಂಟಿನ ಬಿಲ್ಲೆಯ ಮೇಲಿಟ್ಟ. ಸ್ವಲ್ಪ ಹೊತ್ತಿನ ಮೇಲೆ ತುದಿಗಳನ್ನು ಬಿಸುಟು, ಬರಿಯ ಬಿಲ್ಲೆಯ ತುಂಡನ್ನು ತುದಿಯಿಲ್ಲದ ಮೊಳಕೆಯ ಒಂದು ಮಗ್ಗುಲಿಗೆ ಕೂರಿಸಿದ. ಮೊಳಕೆ ಬಾಗಿತು! ತುದಿಯಿಂದ ಇಳಿಯುವ ಸುದ್ದಿ ಒಂದು ವಸ್ತುವೆಂದೂ, ಅದನ್ನು ಹಿಡಿದು ಬೇರೆಡೆಗೆ ಒಯ್ಯಬಹುದೆಂದೂ ಆ ರಾತ್ರಿ ಸಿದ್ಧವಾಯಿತು. ಅದಕ್ಕೆ ‘ಆಕ್ಸಿನ್’ ಎಂದು ಹೆಸರಾಯಿತು. ವೆಂಟ್ ಮುಂದೆ ಜಾವಾ ದ್ವೀಪಕ್ಕೆ ಹೋದ. ೧೯೨೯ರಲ್ಲಿ ಅಕಲಿಫಾ ಗಿಡದ ಎಲೆಯ ಸಾರವನ್ನು ಅದೇ ಗಿಡದ ಕಡ್ಡಿಗೆ ಉಣಿಸಿ, ಬೇರುಗಳು ಹೆಚ್ಚುವುದನ್ನು ತೋರಿಸಿದ. ನಮ್ಮ ಉದ್ಯಾನಗಳ ಅಂಚಿನಲ್ಲಿ ಕೆಂಪೆಲೆ ಬಿಟ್ಟು ನಿಲ್ಲುವ ಅಕಲಿಫಾಕ್ಕೆ ಇಂಥದೊಂದು ಚರಿತ್ರೆಯುಂಟೆಂದು ಯಾರು ತಾನೇ ನೆನೆಯುತ್ತಾರೆ?

ಆ ವಸ್ತು ಯಾವುದು? ಯೂಟ್ರೆಕ್ಟಿನ ರಸಾಯನಶಾಸ್ತ್ರಜ್ಞ ಕೋಗ್ಲ್ ಮತ್ತು ಅವನ ಸಂಗಡಿಗರು ಅದನ್ನು ಹುಡುಕಿದ್ದು ಗಿಡದಲ್ಲಲ್ಲ, ಮನುಷ್ಯನ ಮೂತ್ರದಲ್ಲಿ. ಹಂಡೆಗಟ್ಟಲೆ ಮೂತ್ರವನ್ನು ಬಟ್ಟಿ ಇಳಿಸಿ ಸೋಸಿ ಚಿಟಿಕೆಯಷ್ಟು ಹರಳು ಪಡೆಯುವ ಕೆಲಸ ಅದು. ಮೊದಲು ‘ಆಕ್ಸಿನ್ ಎ’, ‘ಆಕ್ಸಿನ್ ಬಿ’ ಎಂಬ ಎರಡು ವಸ್ತುಗಳನ್ನು ಕಂಡೆವೆಂದು ಸಾರಿದರು. ಪಠ್ಯಪುಸ್ತಕಗಳಲ್ಲಿ ಅವು ದಶಕಗಳ ಕಾಲ ಮೆರೆದವು. ಆದರೆ ಬೇರೆ ಯಾರ ಕೈಗೂ ಅವು ಸಿಕ್ಕಲಿಲ್ಲ. ೧೯೬೬ರಲ್ಲಿ ಹಳೆಯ ಸೀಸೆಗಳಲ್ಲಿ ಉಳಿದಿದ್ದ ಮಾದರಿಗಳನ್ನು ಪರೀಕ್ಷಿಸಿದಾಗ ಅವು ಹೇಳಿದ ವಸ್ತುಗಳೇ ಅಲ್ಲವೆಂದು ತಿಳಿಯಿತು. ವಿಜ್ಞಾನದಲ್ಲೂ ಗಾಳಿಗೋಪುರಗಳುಂಟು. ಅದೇ ಮೂತ್ರದಿಂದ ೧೯೩೪ರಲ್ಲಿ ಅವರೇ ತೆಗೆದ ಮೂರನೆಯ ವಸ್ತು ಮಾತ್ರ ಗಟ್ಟಿಯಾಗಿ ನಿಂತಿತು: ಇಂಡೋಲ್ ಅಸಿಟಿಕ್ ಆಮ್ಲ. ೧೮೮೫ರಲ್ಲೇ ಸಾಲ್ಕೋವ್‌ಸ್ಕಿ ಎಂಬಾತ ಕೊಳೆತ ದ್ರವದಲ್ಲಿ ಕಂಡಿದ್ದ ಸಾಮಾನ್ಯ ರಾಸಾಯನಿಕವಿದು. ಐವತ್ತು ವರ್ಷ ಅದರ ಮಹಿಮೆ ಯಾರಿಗೂ ತಿಳಿದಿರಲಿಲ್ಲ.

೧೯೩೫ ಈ ಕಥೆಯ ಮುಖ್ಯವಾದ ವರ್ಷ. ಕ್ಯಾಲಿಫೋರ್ನಿಯಾದಲ್ಲಿ ಥೀಮನ್ ಮತ್ತು ಕೋಪ್ಫ್ಲಿ, ಪ್ರಯೋಗಶಾಲೆಯಲ್ಲೇ ತಯಾರಿಸಿದ ಇಂಡೋಲ್ ಅಸಿಟಿಕ್ ಆಮ್ಲದಿಂದ ಬಟಾಣಿಯ ಕಾಂಡಕ್ಕೆ ಬೇರು ಬರಿಸಿದರು. ಬೆಳವಣಿಗೆಯ ದ್ರವ್ಯವೂ ಬೇರಿನ ದ್ರವ್ಯವೂ ಒಂದೇ ಎಂದು ಗೊತ್ತಾಯಿತು. ನ್ಯೂಯಾರ್ಕಿನ ಬಳಿಯ ಯಾಂಕರ್ಸ್ ಎಂಬಲ್ಲಿ ಬಾಯ್ಸ್ ಥಾಂಪ್ಸನ್ ಸಂಸ್ಥೆಯ ಜಿಮ್ಮರ್‌ಮನ್, ಹಿಚ್‌ಕಾಕ್ ಮತ್ತು ವಿಲ್‌ಕಾಕ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅದನ್ನೇ ಹೋಲುವ ಹಲವು ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿ, ಇಂಡೋಲ್ ಬ್ಯುಟಿರಿಕ್ ಆಮ್ಲ ಮತ್ತು ನ್ಯಾಫ್ತಲೀನ್ ಅಸಿಟಿಕ್ ಆಮ್ಲ ಎಂಬೆರಡು ಮೂಲ ವಸ್ತುವಿಗಿಂತಲೂ ಬಲವಾಗಿ ಬೇರು ಬರಿಸುತ್ತವೆಂದು ಕಂಡರು. ಮೂಲ ವಸ್ತುವನ್ನು ಗಿಡದ ಕಿಣ್ವಗಳು ಬೇಗನೆ ಹಾಳುಮಾಡುತ್ತವೆ. ಬ್ಯುಟಿರಿಕ್ ಆಮ್ಲ ತಾಳಿಕೊಂಡು, ಕಾಂಡದೊಳಗೆ ನಿಧಾನವಾಗಿ ಮೂಲ ವಸ್ತುವಾಗಿ ಬದಲಾಗುತ್ತ ಕೆಲಸ ಮಾಡುತ್ತದೆ. ಇದು ಮನುಷ್ಯನ ಸೃಷ್ಟಿಯೆಂದೇ ಬಹುಕಾಲ ಎಣಿಸಿದ್ದರು. ೧೯೮೯ರಲ್ಲಿ ಮೆಕ್ಕೆಜೋಳದ ಕಾಳಿನಲ್ಲೂ ಎಲೆಯಲ್ಲೂ ಅದು ತಾನಾಗಿಯೇ ಇರುವುದು ಪತ್ತೆಯಾಯಿತು. ಮೆಕ್ಕೆಜೋಳದ ನಾಡಾದ ದಾವಣಗೆರೆಯವರಿಗೆ ಇದೊಂದು ಸಂತೋಷದ ಸುದ್ದಿ!

ಬಲು ಬೇಗ ಇದು ಅಂಗಡಿಯ ಸರಕಾಯಿತು. ಆಮ್ಲವನ್ನು ಅಳತೆ ಮಾಡಿ ಟಾಲ್ಕ್ ಪುಡಿಯಲ್ಲಿ ಬೆರೆಸಿ ‘ಹಾರ್ಮೋಡಿನ್’, ‘ರೂಟೋನ್’, ‘ಸೆರಾಡಿಕ್ಸ್’ ಎಂಬ ಹೆಸರುಗಳಲ್ಲಿ ಮಾರಿದರು. ನಮ್ಮ ನರ್ಸರಿಯವರ ಬಾಯಲ್ಲಿ ಅದು ‘ಬೇರಿನ ಪೌಡರು’. ಇದೇ ಸಂಶೋಧನೆಯ ಟಿಸಿಲಿನಲ್ಲಿ ೧೯೪೦ರ ದಶಕದಲ್ಲಿ ‘೨,೪–ಡಿ’ ಹುಟ್ಟಿತು. ಕಳೆಯನ್ನು ಸುಡಲು ಇಂದು ಹೊಲದಲ್ಲಿ ಸಿಂಪಡಿಸುವ ಆ ಮದ್ದು, ಬೇರು ಬರಿಸುವ ಮದ್ದಿನ ದಾಯಾದಿಯೇ. ಆಕ್ಸಿನ್ನಿನ ಗುಣವೇ ಅಂಥದು: ಹದವಾದರೆ ಬೇರು, ಮಿತಿಮೀರಿದರೆ ಸಾವು.

ಕಡ್ಡಿಯೊಳಗೆ ನಡೆಯುವುದನ್ನು ನಮ್ಮ ಭದ್ರಾ ನಾಲೆಯ ಉಪಮಾನದಿಂದ ತಿಳಿಯಬಹುದು. ಚಿಗುರಿನಲ್ಲಿ ತಯಾರಾದ ಆಕ್ಸಿನ್ ಕಾಂಡದಲ್ಲಿ ಸದಾ ಕೆಳಮುಖವಾಗಿ ಹರಿಯುತ್ತಿರುತ್ತದೆ. ಕಾಂಡವನ್ನು ಕಡಿದರೆ ತೂಬು ಮುಚ್ಚಿದಂತಾಗಿ, ಹರಿದು ಬಂದದ್ದು ಕಡಿದ ಬಾಯಿಯ ಬಳಿ ತುಂಬಿಕೊಳ್ಳುತ್ತದೆ. ಆಗ ನಾಳಗಳ ಪಕ್ಕದಲ್ಲಿ ಸುಮ್ಮನಿದ್ದ ಕೆಲವು ಜೀವಕೋಶಗಳು ಮರಳಿ ವಿಭಜನೆಗೊಂಡು ಬೇರಿನ ಮೊಳಕೆಗಳಾಗುತ್ತವೆ. ಕಡ್ಡಿಯನ್ನು ತಲೆಕೆಳಗಾಗಿ ತೂಗುಹಾಕಿದರೂ ಬೇರು ಬರುವುದು ಅದರ ಮೂಲ ಬುಡದ ತುದಿಯಲ್ಲೇ. ತನ್ನ ದಿಕ್ಕನ್ನು ಅದು ಮರೆಯುವುದಿಲ್ಲ. ನಾವು ಹಚ್ಚುವ ಪುಡಿ ಈ ತುಂಬುವಿಕೆಯನ್ನು ಹೆಚ್ಚಿಸುತ್ತದೆ, ಅಷ್ಟೆ. ಮೊದಲ ಕೆಲವು ದಿನ ಅದು ಬೇಕು. ಬೇರಿನ ಮೊಳಕೆ ರೂಪುಗೊಂಡ ಮೇಲೆ ಅದೇ ಬೆಳವಣಿಗೆಗೆ ಅಡ್ಡಿ. ಗಿಬ್ಬರೆಲಿನ್ ಎಂಬ ಇನ್ನೊಂದು ಚೋದಕವನ್ನು ಹಾಕಿದರೆ ಬೇರು ಬರುವುದು ಬಿಟ್ಟು ಹಿಂದಕ್ಕೆ ಸರಿಯುತ್ತದೆ. ಇನ್ನು ಕಡ್ಡಿಗೆ ಒಳಗಿನ ಸಿದ್ಧತೆಯೇ ಇಲ್ಲದಿದ್ದರೆ ಪುಡಿ ಎಷ್ಟು ಮೆತ್ತಿದರೂ ವ್ಯರ್ಥ.

ನೀಲಗಿರಿಯ ಹಟದ ಗುಟ್ಟು ಇಲ್ಲಿಯೇ ಇದೆ. ಆಸ್ಟ್ರೇಲಿಯದ ಪೇಟನ್, ಪ್ರಯರ್ ಮೊದಲಾದವರು ೧೯೭೦ರಲ್ಲಿ ಪ್ರಕಟಿಸಿದಂತೆ, ಬಲಿತ ನೀಲಗಿರಿಯ ಅಂಗಾಂಶದಲ್ಲಿ ಬೇರು ಬರದಂತೆ ತಡೆಯುವ ದ್ರವ್ಯವೊಂದಿದೆ. ಎಳೆಯ ಸಸಿಯ ಕಾಂಡ ಬೇರುಬಿಡುತ್ತದೆ, ಮರದ ನೆತ್ತಿಯ ಕೊಂಬೆ ಬಿಡುವುದಿಲ್ಲ. ಆದರೆ ಮರವನ್ನು ಬುಡಕ್ಕೆ ಕಡಿದರೆ ಕೂಳೆಯಿಂದ ಹೊಮ್ಮುವ ಚಿಗುರಿಗೆ ಬಾಲ್ಯ ಮರಳಿರುತ್ತದೆ. ಆ ಚಿಗುರಿನ ಕಡ್ಡಿಗೆ ಪುಡಿ ಹಚ್ಚಿದರೆ ಬೇರು ಬರುತ್ತದೆ. ಇಷ್ಟು ತಿಳಿದದ್ದೇ ತಡ, ಆಫ್ರಿಕದ ಕಾಂಗೋ ದೇಶದಲ್ಲಿ ಎಪ್ಪತ್ತರ ದಶಕದಲ್ಲೂ, ಬೆನ್ನಲ್ಲೇ ಬ್ರೆಜಿಲಿನ ಅರಾಕ್ರೂಸ್‌ನಲ್ಲೂ ಒಂದೇ ತಾಯಿಮರದಿಂದ ಲಕ್ಷಗಟ್ಟಲೆ ತದ್ರೂಪಿ ಸಸಿಗಳನ್ನು ಮಾಡಿ ಕಾಡೆಬ್ಬಿಸಿದರು. ಅರಾಕ್ರೂಸ್‌ನವರಿಗೆ ೧೯೮೪ರಲ್ಲಿ ಸ್ವೀಡನ್ನಿನ ಮಾರ್ಕಸ್ ವಾಲೆನ್‌ಬರ್ಗ್ ಬಹುಮಾನವೂ ಬಂತು.

ಈಗ ಹರಿಹರಕ್ಕೆ ಬರೋಣ. ೧೨೨೪ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿಯಿಂದ ಹೆಸರಾದ ಊರು ಇದು. ಇಲ್ಲಿಂದ ಹದಿನಾಲ್ಕು ಕಿಲೋಮೀಟರ್ ದೂರದ ದಾವಣಗೆರೆ ಹತ್ತಿಯ ಗಿರಣಿಗಳ ನಗರವಾಗಿ ಮೆರೆಯಿತು. ೧೯೭೨ರಲ್ಲಿ ನದಿಯ ಆಚೆ ದಡದ ಕುಮಾರಪಟ್ಟಣಂನಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾದಾಗ ನೂಲಿನ ಮೂಲವೇ ಬದಲಾಯಿತು. ಮರವನ್ನು ಬೇಯಿಸಿ ತಿರುಳು ತೆಗೆದು, ಆ ತಿರುಳಿನಿಂದ ರೇಯಾನ್ ಎಳೆ ಮಾಡುವ ಉದ್ಯಮ ಅದು. ಹೊಲದಲ್ಲಿ ಬೆಳೆದ ಹತ್ತಿಯ ಬದಲು ಮರವೇ ಬಟ್ಟೆಯಾಗತೊಡಗಿತು. ಅಷ್ಟೊಂದು ಮರ ಎಲ್ಲಿಂದ ಬರಬೇಕು? ಉತ್ತರ: ನೀಲಗಿರಿ. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದಿತೆಂದು ಹೇಳುವ, ಅಲ್ಲಿ ಬೆರಕೆಯಾಗಿ ‘ಮೈಸೂರು ಹೈಬ್ರಿಡ್’ ಎಂದು ಹೆಸರು ಪಡೆದು ದೇಶವನ್ನೆಲ್ಲ ಹಬ್ಬಿದ ಅದೇ ಮರ.

೧೯೮೪ರಲ್ಲಿ ಸರಕಾರದ ಅರಣ್ಯ ನಿಗಮವೂ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ನಿಯಮಿತವನ್ನು ಸ್ಥಾಪಿಸಿದವು. ಪಾಲು ೫೧ಕ್ಕೆ ೪೯. ‘ಸಿ’ ಮತ್ತು ‘ಡಿ’ ದರ್ಜೆಯೆಂದು ಕಾಗದದಲ್ಲಿ ಬರೆದಿದ್ದ ಸುಮಾರು ೩೦,೦೦೦ ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಮೊದಲಾದ ಮರಗಳನ್ನು ಬೆಳೆಸುವ ಯೋಜನೆ. ಕಾಗದದ ಮೇಲೆ ಅದು ಪಾಳು. ಊರಿನವರಿಗೋ ಅದು ದನ ಮೇಯುವ ಗೋಮಾಳ, ಸೌದೆ ಆಯುವ ಗುಡ್ಡ, ಹುಲ್ಲು ಕೊಯ್ಯುವ ಬಯಲು. ನೀಲಗಿರಿಯ ಎಲೆಯನ್ನು ದನ ಮೂಸಿಯೂ ನೋಡುವುದಿಲ್ಲವಷ್ಟೆ. ಇದಕ್ಕೆ ಮೊದಲೇ, ೧೯೮೩ರಲ್ಲಿ, ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಹಾಕಿದ್ದರು. ಈಗ ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಹಳ್ಳಿಗರನ್ನು ಸಂಘಟಿಸಿದರು. ಶಿವರಾಮ ಕಾರಂತರೇ ಮೊದಲಾದವರು ೧೯೮೬ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ೧೯೮೭ರ ನವೆಂಬರ್ ೧೪ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿಯನ್ನು ಕಿತ್ತರು, ತಮಗೆ ಹಣ್ಣು, ಮೇವು ಕೊಡುವ ಗಿಡ ಹಚ್ಚಿದರು. ‘ಹಚ್ಚು’ ಎಂದರೆ ನೆಡು ಎಂಬ ಉತ್ತರ ಕರ್ನಾಟಕದ ಮಾತು ಚಳವಳಿಯ ಹೆಸರೇ ಆಯಿತು. ಸತ್ಯಾಗ್ರಹದ ಇತಿಹಾಸದಲ್ಲಿ ಇಷ್ಟು ಚೊಕ್ಕವಾದ ಹೆಸರು ನನಗೆ ಬೇರೆ ತೋರದು. ೧೯೯೧ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. (ನದಿಯ ನೀರಿನ ತಕರಾರು ಬೇರೆಯೇ ಲೇಖನಕ್ಕೆ ಸಾಕಾಗುವಷ್ಟಿದೆ, ಅದನ್ನಿಲ್ಲಿ ಎತ್ತುವುದಿಲ್ಲ.)

ಈ ಜಗಳಕ್ಕೂ ಬೇರಿನ ಪುಡಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ನನಗೆ ತೋರುವಂತೆ ನಂಟು ಬಲು ಹತ್ತಿರದ್ದು. ೧೯೮೮ರ ರಾಷ್ಟ್ರೀಯ ಅರಣ್ಯ ನೀತಿ, ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ರೈತರೊಡನೆ ನೇರ ಸಂಬಂಧ ಬೆಳೆಸಿ ಪಡೆದುಕೊಳ್ಳಬೇಕೆಂದು ವಿಧಿಸಿತು. ಗೋಮಾಳ ಕೈಬಿಟ್ಟುಹೋಯಿತು, ಕಾಡು ಮುಚ್ಚಿತು, ಉಳಿದದ್ದು ರೈತನ ಸ್ವಂತ ಹೊಲ. ಅಗ್ಗದ ಭೂಮಿ ಸಾವಿರಾರು ಹೆಕ್ಟೇರ್ ಇದ್ದಾಗ ಮರವೊಂದು ಸೊಟ್ಟಗೆ ಬೆಳೆದರೇನು, ನೆಟ್ಟಗೆ ಬೆಳೆದರೇನು? ರೈತ ಹಾಗಲ್ಲ, ಜೋಳ, ರಾಗಿಯ ಲೆಕ್ಕಕ್ಕೆ ಎದುರಾಗಿ ಮರದ ಲೆಕ್ಕ ಹಾಕುತ್ತಾನೆ. ಬೀಜದಿಂದ ಬೆಳೆದ ಮೈಸೂರು ಹೈಬ್ರಿಡ್ಡಿನಲ್ಲಿ ಒಂದು ಮರ ಆಳೆತ್ತರವಾದರೆ ಪಕ್ಕದ್ದು ಅದರ ಎರಡರಷ್ಟು. ಹೆಕ್ಟೇರಿಗೆ ವರ್ಷಕ್ಕೆ ಆರರಿಂದ ಹತ್ತು ಘನ ಮೀಟರ್ ಮರ ಸಿಕ್ಕಿದರೆ ಹೆಚ್ಚು. ಒಳ್ಳೆಯ ಮರವೊಂದನ್ನು ಆರಿಸಿ, ಕಡಿದು, ಕೂಳೆ ಚಿಗುರಿನಿಂದ ತದ್ರೂಪಿಗಳನ್ನು ಮಾಡಿ ನೆಟ್ಟರೆ ಇಪ್ಪತ್ತು ಘನ ಮೀಟರ್ ದಾಟುತ್ತದೆಂದು ಆಂಧ್ರದ ಭದ್ರಾಚಲಂ ಕಾಗದದ ಕಾರ್ಖಾನೆಯ ಪ್ಯಾರೆ ಲಾಲ್ ಮತ್ತು ಸಂಗಡಿಗರು ೧೯೮೯ರಿಂದ ಮುಂದಿನ ವರ್ಷಗಳಲ್ಲಿ ತೋರಿಸಿದರು. ಹರಿಹರದ ಕಾರ್ಖಾನೆಯವರೂ ತಮ್ಮದೇ ಅರಣ್ಯ ಸಂಶೋಧನಾ ಸಂಸ್ಥೆಯನ್ನು ಕಟ್ಟಿಕೊಂಡು, ತದ್ರೂಪಿ ಸಸಿಗಳನ್ನು ಬೆಳೆಸಿ ರೈತರಿಗೆ ಒದಗಿಸತೊಡಗಿದರು. ೧೯೩೫ರಿಂದ ಸೀಸೆಯಲ್ಲಿ ಸಿದ್ಧವಾಗಿದ್ದ ಆಮ್ಲ, ಭೂಮಿಗೆ ಬೆಲೆ ಬಂದ ಮೇಲೆ ಹರಿಹರದ ಮಣ್ಣಿಗೆ ಇಳಿಯಿತು. ಕುಸನೂರಿನವರು ಕಿತ್ತ ಸಸಿಗೂ ಇದರಲ್ಲಿ ಪಾಲುಂಟು.

ಅಂಥ ನರ್ಸರಿಗಳನ್ನು ನಾನು ನೋಡಿದ್ದೇನೆ. ಕೆಲಸ ನಡೆಯುವುದು ನೆರಳಿನಲ್ಲಿ, ಕೈ ಓಡುವ ವೇಗ ನೋಡಿದರೆ ಬೆರಗಾಗಬೇಕು. ಕೂಳೆಯಿಂದ ತಂದ ಎಳೆಚಿಗುರನ್ನು ಹೆಂಗಸರು ಬೆರಳುದ್ದಕ್ಕೆ ತುಂಡರಿಸಿ, ನೀರು ಆವಿಯಾಗದಂತೆ ಎಲೆಗಳನ್ನು ಅರ್ಧಕ್ಕೆ ಕತ್ತರಿಸುತ್ತಾರೆ. ಬೂಷ್ಟು ನಾಶಕದ ನೀರಿನಲ್ಲಿ ಅದ್ದಿ ತೆಗೆದು, ಬುಡವನ್ನು ಪುಡಿಗೆ ತಾಗಿಸಿ, ಕೊಡವಿ, ವರ್ಮಿಕ್ಯುಲೈಟ್ ತುಂಬಿದ ಕೊಳವೆಗೆ ಇಳಿಸುತ್ತಾರೆ. ಒಂದು ಕಿಲೋ ಟಾಲ್ಕಿಗೆ ನಾಲ್ಕರಿಂದ ಆರು ಗ್ರಾಂ ಆಮ್ಲ. ಕಡ್ಡಿಗೆ ಅಂಟುವುದು ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬಷ್ಟು. ಆಮೇಲೆ ಮಂಜುಮನೆ. ಒಳಗೆ ಕಾಲಿಟ್ಟರೆ ಆಗುಂಬೆಯ ಶ್ರಾವಣ; ಕನ್ನಡಕ ಮಬ್ಬಾಗುತ್ತದೆ, ಅಂಗಿ ಮೈಗಂಟುತ್ತದೆ. ಸುಮಾರು ಒಂದು ತಿಂಗಳಿಗೆ ಬಿಳಿಯ ಬೇರುಗಳು ಕೊಳವೆಯ ತಳದಲ್ಲಿ ಇಣುಕುತ್ತವೆ. ಪುಡಿಯ ಮಹಿಮೆಯನ್ನು ಹೊಗಳುವವರು ಈ ಮಂಜನ್ನು ಮರೆಯುತ್ತಾರೆ. ಬೇರು ಬರುವತನಕ ಎಲೆ ಬದುಕಿರಬೇಕು. ಎಲೆ ಬಾಡಿದರೆ ಯಾವ ಆಮ್ಲವೂ ಕಾಯುವುದಿಲ್ಲ.

ತದ್ರೂಪಿಗೆ ಒಂದು ಶಾಪವಿದೆ: ತಾಯಿಗೆ ತಗಲುವ ರೋಗ ಎಲ್ಲ ಮಕ್ಕಳಿಗೂ ಒಮ್ಮೆಲೇ ತಗಲುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ದಕ್ಷಿಣ ಭಾರತಕ್ಕೆ ಲೆಪ್ಟೊಸೈಬ್ ಎಂಬ ಸಣ್ಣ ಕಣಜ ಬಂದು, ನೀಲಗಿರಿಯ ಎಲೆಯ ನರ ಮತ್ತು ತೊಟ್ಟುಗಳಲ್ಲಿ ಗಂಟು ಕಟ್ಟತೊಡಗಿತು. ಅದಕ್ಕೆ ಸೋಲುವ ತದ್ರೂಪಿಯನ್ನು ನೆಟ್ಟವನ ತೋಪಿನಲ್ಲಿ ಒಂದೂ ಮರ ನೆಟ್ಟಗೆ ಉಳಿಯಲಿಲ್ಲ. ಬೀಜದಿಂದ ಬೆಳೆದ ತೋಪಿನಲ್ಲಾದರೋ ಕೆಲವು ಸೋತರೆ ಕೆಲವು ಗೆದ್ದವು. ದಾಳಿಂಬೆಯಲ್ಲೂ ಇದೇ ಮಾತು. ಜಗಳೂರು, ಚಿತ್ರದುರ್ಗದ ಕಡೆಯ ಬೆಳೆಗಾರರನ್ನು ಕಂಗೆಡಿಸಿದ ದುಂಡಾಣು ಅಂಗಮಾರಿ, ರೋಗವಿರುವ ಗಿಡದಿಂದ ತೆಗೆದ ಕಡ್ಡಿಯ ಜೊತೆಗೇ ಹೊಸ ತೋಟಕ್ಕೆ ನಡೆದು ಬರುತ್ತದೆ. ಬೇರು ಬರಿಸುವ ಪುಡಿಗೆ ರೋಗದ ಕಡ್ಡಿ, ಒಳ್ಳೆಯ ಕಡ್ಡಿ ಎಂಬ ಭೇದ ತಿಳಿಯದು. ಆದುದರಿಂದ ಸಸಿ ಕೊಳ್ಳುವವರು ಬೇರನ್ನು ನೋಡುವ ಮೊದಲು ತಾಯಿಗಿಡ ಎಲ್ಲಿಯದೆಂದು ಕೇಳುವುದು ಮೇಲು.

೨೦೧೭ರಲ್ಲಿ ಕರ್ನಾಟಕ ಸರಕಾರ ಅಂತರ್ಜಲದ ಕಾರಣವನ್ನು ಮುಂದೊಡ್ಡಿ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಈಚೆಗೆ ನಮ್ಮ ರಾಜ್ಯದ ರೈತರ ಬಾಯಲ್ಲಿ ಕೇಳಿಬರುವ ಹೆಸರು ಹೆಬ್ಬೇವು. ಬೇಗ ಬೆಳೆಯುವ ಮರ. ಆದರೆ ಅದರ ಬೀಜ ಕಲ್ಲಿನಂಥ ಓಟೆಯೊಳಗೆ ಕುಳಿತು, ನೂರು ಹಾಕಿದರೆ ಇಪ್ಪತ್ತೈದೂ ಮೊಳೆಯದು. ಆದಕಾರಣ ನರ್ಸರಿಯವರು ಮತ್ತೆ ಎಳೆಚಿಗುರನ್ನು ಕತ್ತರಿಸಿ, ಎಲೆಯನ್ನು ಅರ್ಧಕ್ಕೆ ಕೊಯ್ದು, ಬುಡವನ್ನು ಅದೇ ಬಿಳಿಯ ಪುಡಿಗೆ ತಾಗಿಸುತ್ತಿದ್ದಾರೆ.